ಬಂದೂಕಿನ ಎರಡು ಸಂದುಗಳು

ಆಷಾಢದ ಮಳೆ ಹಿಡಿಯಿತೆಂದರೆ ಹಾನಗಲ್ಲು, ಹಿರೇಕೆರೂರುಗಳ ಕಡೆ ಹಳೆಯ ಮನೆಗಳ ಬಾಗಿಲು ಚೌಕಟ್ಟಿಗೆ ಕಚ್ಚಿಕೊಳ್ಳುವುದನ್ನು ನಾವೆಲ್ಲರೂ ಕಂಡಿದ್ದೇವೆ. ಸವಣೂರಿನ ಬಯಲಿನಲ್ಲಿ ಬೇಸಗೆಯ ಬಿಸಿಲಿಗೆ ಅಂಥದೇ ಬಾಗಿಲು ಸಡಿಲಗೊಂಡು ಗಾಳಿಗೆ ಬಡಿದುಕೊಳ್ಳುತ್ತದೆ. ಮರವು ಗಾಳಿಯ ತೇವವನ್ನು ಹೀರಿ ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ. ಬಾಗಿಲಿನ ವಿಷಯದಲ್ಲಿ ಇದು ಬರಿಯ ಕಿರುಕುಳ. ಆದರೆ ಅದೇ ಮರವು ರೈಫಲ್ಲಿನ ಒಡಲಾಗಿದ್ದರೆ, ಗುಂಡು ಬೀಳುವ ಸ್ಥಳವೇ ಬೇರೆಡೆಗೆ ಸರಿಯಬಹುದು. ಎನ್.ಸಿ.ಸಿ. ಶಿಬಿರದಲ್ಲಿ ಗುರಿ ತಪ್ಪಿದ ವಿದ್ಯಾರ್ಥಿಗೆ ‘ನಿನ್ನ ಕೈ ನಡುಗಿತು’ ಎಂದು ಹೇಳುವುದು ವಾಡಿಕೆ. ಕೈಯನ್ನು ದೂರುವ ಮೊದಲು ಉಪಕರಣವನ್ನು ಪರೀಕ್ಷಿಸಬೇಕೆಂಬುದು ನಮ್ಮ ಅಭಿಪ್ರಾಯ.

ಬಿಗಿಯಾಗಿರುವುದೆಲ್ಲವೂ ನಿಖರವೆಂಬ ನಂಬಿಕೆ ಜನರಲ್ಲಿ ಬಲವಾಗಿದೆ. ಬಂದೂಕಿನ ಮಟ್ಟಿಗೆ ಇದು ಅರ್ಧ ಸತ್ಯ ಮಾತ್ರ. ಏಕೆಂದರೆ ಅದರಲ್ಲಿ ಗಮನಿಸತಕ್ಕ ಸಂದುಗಳು ಎರಡು: ಗುಂಡಿಗೂ ನಳಿಗೆಯ ಒಳಗೋಡೆಗೂ ನಡುವಣ ಸಂದು ಒಂದು, ನಳಿಗೆಯ ಹೊರಮೈಗೂ ಅದನ್ನು ಹೊತ್ತ ಮರಕ್ಕೂ ನಡುವಣ ಸಂದು ಇನ್ನೊಂದು. ಮೊದಲನೆಯದು ಗುರಿಗೆ ಶತ್ರು. ಎರಡನೆಯದು ಬಹುಮಟ್ಟಿಗೆ ಮಿತ್ರ.

೧೭೮೬ರಲ್ಲಿ ಟಿಪ್ಪುವಿನ ಸೇನೆಗೂ ಮರಾಠರ ಸೇನೆಗೂ ಸವಣೂರಿನ ಬಳಿ ಕಾಳಗ ನಡೆಯಿತು. ಆ ಕಾಲದ ಸಾಮಾನ್ಯ ಬಂದೂಕಿನ ನಳಿಗೆಯ ಒಳಮೈ ನುಣುಪಾಗಿರುತ್ತಿತ್ತು. ಇಂಗ್ಲಿಷರ ‘ಬ್ರೌನ್ ಬೆಸ್’ ಬಂದೂಕಿನ ನಳಿಗೆಯ ಒಳವ್ಯಾಸ ಸುಮಾರು ೧೯ ಮಿಲಿಮೀಟರು. ಗುಂಡಿನ ವ್ಯಾಸ ಸುಮಾರು ೧೭.೫ ಮಿಲಿಮೀಟರು. ಮದ್ದಿನ ಮಸಿ ಕಟ್ಟಿಕೊಂಡ ಮೇಲೂ ಗುಂಡು ಬಾಯಿಯಿಂದ ಸುಲಭವಾಗಿ ಒಳಗಿಳಿಯಲೆಂದು ಈ ಅಂತರವನ್ನು ಬಿಡುತ್ತಿದ್ದರು. ಆದರೆ ಹಾರುವ ಗುಂಡು ಗೋಡೆಯಿಂದ ಗೋಡೆಗೆ ತಾಗುತ್ತ, ಕೊನೆಗೆ ಯಾವ ಕಡೆ ತಾಗಿತೋ ಅದರಂತೆ ಓರೆಯಾಗಿ ಹೊರಬೀಳುತ್ತಿತ್ತು. ನಳಿಗೆಯೊಳಗೆ ಸುರುಳಿಗೆರೆ ಕೊರೆದು ಗುಂಡನ್ನು ಗಿರ್ರನೆ ತಿರುಗಿಸಿದರೆ ಅದು ನೇರ ಹೋಗುವುದೆಂದು ಬೆಂಜಮಿನ್ ರಾಬಿನ್ಸ್ ಹದಿನೆಂಟನೆಯ ಶತಮಾನದ ನಡುವಿನಲ್ಲಿಯೇ ವಿವರಿಸಿದ್ದನು. ೧೮೪೯ರ ಹೊತ್ತಿಗೆ ಫ್ರಾನ್ಸಿನ ಮಿನಿಯೇ, ಸಿಡಿದಾಗ ಬುಡ ಅರಳಿ ಗೆರೆಗಳನ್ನು ಕಚ್ಚುವ ಗುಂಡನ್ನು ಬಳಕೆಗೆ ತಂದನು. ಒಳಗಿನ ಸಂದು ಹೀಗೆ ಮುಚ್ಚಿತು.

ಇನ್ನು ಹೊರಗಿನ ಸಂದು. ಮದ್ದು ಉರಿದಾಗ ನಳಿಗೆಯೊಳಗಿನ ಒತ್ತಡ ಹಳೆಯ .೩೦೩ ರೈಫಲ್ಲಿನಲ್ಲಿ ವಾತಾವರಣದ ಒತ್ತಡದ ಸುಮಾರು ಮೂರು ಸಾವಿರ ಪಟ್ಟು ಆಗುತ್ತದೆ. ಉಕ್ಕಿನ ನಳಿಗೆಯೂ ಮಿಡಿದ ತಂತಿಯಂತೆ ಕಂಪಿಸುತ್ತದೆ. ಶಿಗ್ಗಾಂವಿ ತಾಲ್ಲೂಕಿನ ಶಿಶುನಾಳದಲ್ಲಿ ತತ್ತ್ವಪದ ಹಾಡುವವರ ಏಕತಾರಿಯನ್ನು ನೆನೆಯಿರಿ. ನುಡಿಯುವ ತಂತಿಗೆ ಬೆರಳು ತಾಗಿದರೆ ನಾದವೇ ಬೇರೆಯಾಗುತ್ತದೆ. ಹಾಗೆಯೇ ಉಬ್ಬಿದ ಮರ ಒಂದು ಪಕ್ಕದಿಂದ ನಳಿಗೆಯನ್ನು ಒತ್ತಿದರೆ ಅದರ ಕಂಪನವೂ ನೇರವೂ ಬದಲಾಗುತ್ತವೆ. ಲೆಕ್ಕ ಹಾಕೋಣ. ೬೦ ಸೆಂಟಿಮೀಟರು ಉದ್ದದ ನಳಿಗೆಯ ಬಾಯಿ ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ಓರೆಯಾಯಿತೆನ್ನಿರಿ. ೫೦ ಮೀಟರು ದೂರದಲ್ಲಿ ಗುಂಡು ಸುಮಾರು ೮.೩ ಮಿಲಿಮೀಟರು ಪಕ್ಕಕ್ಕೆ ಬೀಳುತ್ತದೆ. ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಆ ದೂರದ ‘ಹತ್ತು’ ಅಂಕದ ವೃತ್ತದ ವ್ಯಾಸವೇ ೧೦.೪ ಮಿಲಿಮೀಟರು. ನಡುವಿಗೆ ಹಿಡಿದ ಗುರಿ ವೃತ್ತದಿಂದ ಹೊರಗಾಯಿತು!

ಆದುದರಿಂದಲೇ ನಿಖರ ರೈಫಲ್ಲುಗಳಲ್ಲಿ ನಳಿಗೆಯ ಬುಡವನ್ನು ಮಾತ್ರ ಭದ್ರವಾಗಿ ಕೂರಿಸಿ, ಮುಂದಿನ ಭಾಗ ಒಡಲನ್ನು ಎಲ್ಲಿಯೂ ಮುಟ್ಟದಂತೆ ಒಂದೆರಡು ಮಿಲಿಮೀಟರು ತೆರಪು ಬಿಡುತ್ತಾರೆ. ಉಬ್ಬದ ಅಲ್ಯುಮಿನಿಯಂ ಒಡಲಿನಲ್ಲಿಯೂ ಈ ತೆರಪು ಬೇಕು. ಹಿಡಿದ ಕೈಯ ಮತ್ತು ಎಳೆದ ಪಟ್ಟಿಯ ಒತ್ತಡ ನಳಿಗೆಗೆ ತಲುಪಬಾರದು.

ಹಾಗೆಂದು ತೆರಪೇ ಸರ್ವರೋಗಕ್ಕೂ ಮದ್ದೆಂದು ನಾವು ಹೇಳುವುದಿಲ್ಲ. ‘ಲೀ-ಎನ್‌ಫೀಲ್ಡ್’ ನಾಲ್ಕನೆಯ ಮಾದರಿಯಲ್ಲಿ ನಳಿಗೆಯ ತುದಿಯನ್ನು ಮರವು ಕೆಳಗಿನಿಂದ ಗೊತ್ತಾದ ಬಲದಿಂದ ಒತ್ತುವಂತೆ ಬೇಕೆಂದೇ ರಚಿಸಿದ್ದರು. ತೆಳುವಾದ ನಳಿಗೆಯ ಕಂಪನವನ್ನು ಹದಕ್ಕೆ ತರುವುದು ಅದರ ಉದ್ದೇಶ. ತೆರಪು ಕಂಪನವನ್ನು ನಿಲ್ಲಿಸುವುದೂ ಇಲ್ಲ; ಪ್ರತಿ ಸಲವೂ ಅದು ಒಂದೇ ಬಗೆಯಾಗಿರಲು ನೆರವಾಗುತ್ತದೆ, ಅಷ್ಟೆ. ಮುಟ್ಟಿದರೆ ಸದಾ ಒಂದೇ ಬಲದಿಂದ ಮುಟ್ಟಬೇಕು, ಇಲ್ಲವಾದರೆ ಮುಟ್ಟಲೇಬಾರದು. ಮಳೆಗೊಂದು, ಬಿಸಿಲಿಗೊಂದು ರೀತಿ ಮುಟ್ಟುವುದೇ ದೋಷ.

ದೋಷವು ಕೈಯದೋ ಉಪಕರಣದ್ದೋ ಎಂದು ತಿಳಿಯುವ ಬಗೆಯೂ ಕಠಿಣವಲ್ಲ. ಐದು ಗುಂಡುಗಳ ತೂತುಗಳು ಒತ್ತಾಗಿ ಬಿದ್ದು ನಡುವಿನಿಂದ ದೂರವಿದ್ದರೆ, ಹೊಡೆದವನ ಕೈ ಸ್ಥಿರವಾಗಿದೆ. ಮೊದಲು ಗುರಿಗಣ್ಣಿಯನ್ನು ತಿದ್ದಬೇಕು. ಹಾಗೆ ತಿದ್ದಿದ ಮೇಲೂ ಆ ಒತ್ತಾದ ಗುಂಪು ಹವೆಯೊಡನೆ ದಿನದಿನಕ್ಕೆ ಸ್ಥಳ ಬದಲಿಸಿದರೆ, ಮರವನ್ನು ಸಂದೇಹಿಸಬೇಕು. ತೂತುಗಳು ಚದರಿ ಬಿದ್ದಿದ್ದರೆ ಅದೇ ರೈಫಲ್ಲನ್ನು ನುರಿತ ಇನ್ನೊಬ್ಬರ ಕೈಯಲ್ಲಿ ಹೊಡೆಯಿಸಿ ಹೋಲಿಸಬೇಕು. ಗುಂಡಿಲ್ಲವೆಂದು ತರಬೇತುದಾರರು ಖಚಿತಪಡಿಸಿದ ರೈಫಲ್ಲಿನಲ್ಲಿ, ಅವರ ಎದುರಿನಲ್ಲಿಯೇ, ನಳಿಗೆಗೂ ಮರಕ್ಕೂ ನಡುವೆ ಒಂದು ಕಾಗದವನ್ನು ಎಳೆದು ನೋಡಿದರೆ ಅದು ಎಲ್ಲಿ ಸಿಕ್ಕಿಕೊಳ್ಳುವುದೆಂಬುದೂ ತಿಳಿಯುತ್ತದೆ.

ಗುರಿಯ ಹಾಳೆಗಳನ್ನು ಶಿಬಿರ ಮುಗಿದೊಡನೆ ಎಸೆಯದೆ, ದಿನಾಂಕ, ಹವೆ, ರೈಫಲ್ಲಿನ ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳುವ ಪದ್ಧತಿ ನಮ್ಮ ಕಾಲೇಜುಗಳಲ್ಲಿ ಬರಬೇಕು. ಮಲೆನಾಡಿನ ಸೆರಗೂ ಬಯಲುಸೀಮೆಯೂ ಒಂದನ್ನೊಂದು ತಾಗುವ ಈ ನಾಲ್ಕು ತಾಲ್ಲೂಕುಗಳಿಗಿಂತ ಇದಕ್ಕೆ ತಕ್ಕ ಸ್ಥಳ ಬೇರೆ ಯಾವುದಿದೆ? ‘ನನಗೆ ಗುರಿ ಬರುವುದಿಲ್ಲ’ ಎಂದು ಒಮ್ಮೆ ನಂಬಿದ ಹುಡುಗನಾಗಲಿ ಹುಡುಗಿಯಾಗಲಿ ಮತ್ತೆ ರೈಫಲ್ಲನ್ನು ಮುಟ್ಟದೆ ಹೋಗಬಹುದು. ಆ ತೀರ್ಪನ್ನು ಕೊಡುವ ಮೊದಲು ಒಂದು ತುಂಡು ಕಾಗದವನ್ನು ಎಳೆದು ನೋಡುವಷ್ಟು ತಾಳ್ಮೆ ನಮಗಿರಬೇಕು.