ಮೂಲಪ್ರತಿಯನ್ನು ಕಾಪಾಡಿಕೊಳ್ಳಿರಿ

ಓಲೆಗರಿಯ ಗ್ರಂಥಗಳನ್ನು ಪರಿಷ್ಕರಿಸುವ ವಿದ್ವಾಂಸರು, ದೊರೆತ ಪ್ರತಿಗಳಲ್ಲಿ ಮೂಲಕ್ಕೆ ಹತ್ತಿರವಾದುದು ಯಾವುದೆಂಬುದನ್ನು ಮೊದಲು ವಿಚಾರಿಸುತ್ತಾರೆ. ಒಬ್ಬ ಲಿಪಿಕಾರನು ಒಂದಕ್ಷರವನ್ನು ಬಿಟ್ಟನೆಂದರೆ, ಅವನ ಪ್ರತಿಯನ್ನು ನೋಡಿ ಬರೆದವನೂ ಅದನ್ನು ಬಿಡುತ್ತಾನೆ. ಜೊತೆಗೆ ತನ್ನದೊಂದು ತಪ್ಪನ್ನೂ ಸೇರಿಸುತ್ತಾನೆ. ಇಂದು ಜಾಲತಾಣಗಳಿಗೆ ವೀಡಿಯೋಗಳನ್ನು ಅಪ್‌ಲೋಡ್ ಮಾಡುವ ವಿದ್ಯಾರ್ಥಿಗಳಿಗೂ ಈ ವಿವೇಕವು ಅಗತ್ಯವೆಂಬುದು ನನ್ನ ಅಭಿಪ್ರಾಯ.

ಇದನ್ನು ನಾನು ಕಲಿತದ್ದು ನಷ್ಟದಿಂದ. ನಮಗೆ ಭೌತವಿಜ್ಞಾನವನ್ನು ಬೋಧಿಸಿದ ಗುರುಗಳೊಬ್ಬರು ನಿವೃತ್ತರಾದ ದಿನ ಲೋಲಕದ ಪ್ರಯೋಗವನ್ನು ಕೊನೆಯ ಬಾರಿಗೆ ಮಾಡಿ ತೋರಿಸಿದರು. ನಾನು ಅದನ್ನು ಮೊಬೈಲ್ ಫೋನಿನಲ್ಲಿ ಚಿತ್ರೀಕರಿಸಿ, ಮಿತ್ರರಿಗೆ ಕಳುಹಿಸಿ, ಫೋನಿನಲ್ಲಿ ಜಾಗ ಸಾಲದೆಂದು ಮೂಲವನ್ನು ಅಳಿಸಿಬಿಟ್ಟೆ. ಗುರುಗಳು ತೀರಿಕೊಂಡ ಮೇಲೆ ಅದನ್ನು ಎಲ್ಲರೂ ನೋಡುವಂತೆ ಯೂಟ್ಯೂಬಿಗೆ ಏರಿಸಹೊರಟಾಗ ಸಿಕ್ಕಿದ್ದು, ಒಬ್ಬರು ಕತ್ತರಿಸಿ, ಇನ್ನೊಬ್ಬರು ಶೀರ್ಷಿಕೆ ಸೇರಿಸಿ, ಮತ್ತೊಬ್ಬರು ಚಿಕ್ಕದು ಮಾಡಿ ಕಳುಹಿಸಿದ ಪ್ರತಿ. ಕರಿಹಲಗೆಯ ಅಂಕಿಗಳನ್ನು ಓದಲಾಗುತ್ತಿರಲಿಲ್ಲ. ಲೋಲಕದ ದಾರವು ಮಾಯವಾಗಿ, ಗುಂಡು ಮಾತ್ರ ನಿರಾಧಾರವಾಗಿ ತೂಗಾಡುತ್ತಿತ್ತು! ದೋಷವು ತಾಣದ್ದಲ್ಲ, ನನ್ನದೇ.

ದಾರವು ಎಲ್ಲಿಗೆ ಹೋಯಿತು? ಉತ್ತರವನ್ನು ಸರಳ ಗುಣಾಕಾರದಿಂದ ಆರಂಭಿಸೋಣ. ಪೂರ್ಣ ಎಚ್‌ಡಿ ಚಿತ್ರವೊಂದರಲ್ಲಿ ಅಡ್ಡಲಾಗಿ 1920, ಉದ್ದಕ್ಕೆ 1080, ಅಂದರೆ ಒಟ್ಟು 20,73,600 ಪಿಕ್ಸೆಲ್‌ಗಳಿರುತ್ತವೆ. ಪ್ರತಿಯೊಂದರ ಬಣ್ಣಕ್ಕೆ 24 ಬಿಟ್‌ಗಳು. ಸೆಕೆಂಡಿಗೆ 30 ಚಿತ್ರಗಳು. ಇವನ್ನು ಗುಣಿಸಿದರೆ ಸೆಕೆಂಡಿಗೆ ಸುಮಾರು 149 ಕೋಟಿ ಬಿಟ್‌ಗಳಾಗುತ್ತವೆ. ಇಂತಹ ವೀಡಿಯೋವನ್ನು ಏರಿಸುವವರಿಗೆ ಯೂಟ್ಯೂಬ್ ಸೂಚಿಸುವ ಪ್ರಮಾಣವಾದರೋ ಸೆಕೆಂಡಿಗೆ 80 ಲಕ್ಷ ಬಿಟ್‌ಗಳು, ಅಂದರೆ 187ರಲ್ಲಿ ಒಂದು ಪಾಲು. ಉಳಿದ 186 ಪಾಲನ್ನು ಬಿಟ್ಟೂ ಚಿತ್ರವು ಕಣ್ಣಿಗೆ ಹಿತವಾಗಿಯೇ ಕಾಣುವುದು ಒಂದು ವಿಸ್ಮಯವಲ್ಲವೆ?

ಈ ವಿಸ್ಮಯದ ಮೂಲದಲ್ಲಿ ನಮ್ಮ ನಾಡಿನವರೊಬ್ಬರಿದ್ದಾರೆ. ಬೆಂಗಳೂರಿನಲ್ಲಿ ಹುಟ್ಟಿ, ಅಲ್ಲಿಯೇ ಎಂಜಿನಿಯರಿಂಗ್ ಓದಿ, ಅಮೆರಿಕಕ್ಕೆ ತೆರಳಿದ ನಾಸಿರ್ ಅಹಮದ್ ಅವರು ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಅವರೊಡನೆ 1974ರಲ್ಲಿ ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್ ಎಂಬ ಗಣಿತವಿಧಾನವನ್ನು ಪ್ರಕಟಿಸಿದರು. ಚಿತ್ರವನ್ನು ಚಿಕ್ಕ ಚೌಕಗಳಾಗಿ ವಿಂಗಡಿಸಿ, ಪ್ರತಿ ಚೌಕದ ಬೆಳಕಿನ ಏರಿಳಿತವನ್ನು ಹಲವು ಅಲೆಗಳ ಮೊತ್ತವಾಗಿ ಬರೆಯುವುದು ಇದರ ತಿರುಳು. ನಿಧಾನವಾಗಿ ಬದಲಾಗುವ ದೊಡ್ಡ ಅಲೆಗಳನ್ನು ಉಳಿಸಿಕೊಂಡು, ಕಣ್ಣು ಅಷ್ಟಾಗಿ ಗಮನಿಸದ ಸೂಕ್ಷ್ಮ ಅಲೆಗಳನ್ನು ಕೈಬಿಡಬಹುದು. ಈಗ ಬಹುವಾಗಿ ಬಳಕೆಯಲ್ಲಿರುವ, 2003ರಲ್ಲಿ ಹೊರಬಂದ ಎಚ್.264 ಎಂಬ ಸಂಕೋಚನ ಕ್ರಮವೂ ಇದೇ ತತ್ತ್ವದ ಒಂದು ರೂಪವನ್ನು ಅನುಸರಿಸುತ್ತದೆ. ಮೇಲಾಗಿ, ಒಂದು ಚಿತ್ರದಿಂದ ಮುಂದಿನ ಚಿತ್ರಕ್ಕೆ ಬದಲಾದುದನ್ನು ಮಾತ್ರ ದಾಖಲಿಸಿ ಮಿತವ್ಯಯ ಸಾಧಿಸುತ್ತದೆ.

ಆದರೆ ಕೈಬಿಟ್ಟದ್ದು ಮರಳಿ ಬಾರದು. ತೆಳುವಾದ ದಾರ, ಹಲಗೆಯ ಮೇಲಿನ ಅಕ್ಷರ, ಇವೆಲ್ಲ ಆ ಸೂಕ್ಷ್ಮ ಅಲೆಗಳಲ್ಲಿಯೇ ಅಡಗಿರುತ್ತವೆ. ಚಿತ್ರೀಕರಿಸುವಾಗ ಫೋನು ಒಮ್ಮೆ ಸಂಕೋಚಿಸುತ್ತದೆ. ಏರಿಸಿದ ಮೇಲೆ ತಾಣವು ಮತ್ತೊಮ್ಮೆ ಸಂಕೋಚಿಸುತ್ತದೆ. ಇವೆರಡು ಅನಿವಾರ್ಯ. ನಡುವೆ ನಡೆಯುವ ಸಂಕೋಚನಗಳು ಮಾತ್ರ ನಮ್ಮ ಅಧೀನದಲ್ಲಿವೆ. ಒಳ್ಳೆಯ ವೀಡಿಯೋವಿನ ರಹಸ್ಯವೆಲ್ಲ ಈ ಒಂದು ಮಾತಿನಲ್ಲಿದೆ.

ಆದುದರಿಂದ ಸಂದೇಶದ ಮೂಲಕ ಬಂದ ಪ್ರತಿಯನ್ನು ಏರಿಸದೆ, ಚಿತ್ರೀಕರಿಸಿದ ಫೋನಿನಿಂದಲೇ ಮೂಲವನ್ನು ಏರಿಸಬೇಕು. ಕತ್ತರಿಸಿ ಜೋಡಿಸುವುದಿದ್ದರೆ ಎಲ್ಲವನ್ನೂ ಒಂದೇ ಸಲ ಮುಗಿಸಿ, ಮೂಲದ ಪಿಕ್ಸೆಲ್ ಸಂಖ್ಯೆಯನ್ನೂ ಸೆಕೆಂಡಿನ ಚಿತ್ರಸಂಖ್ಯೆಯನ್ನೂ ಬದಲಿಸದೆ ಹೊರತೆಗೆಯಬೇಕು. ಫೋನನ್ನು ಮುಕ್ಕಾಲಿಯ ಮೇಲೋ ಪುಸ್ತಕಗಳಿಗೆ ಒರಗಿಸಿಯೋ ನಿಲ್ಲಿಸಬೇಕು, ಬೆಳಕು ಸಾಕಷ್ಟಿರಬೇಕು. ಕೈ ಅಲುಗಿದರೆ ಇಡೀ ಚಿತ್ರವೇ ಬದಲಾಗುತ್ತದೆ. ಬೆಳಕು ಕಡಿಮೆಯಾದರೆ ಚಿತ್ರದ ತುಂಬ ಕಾಳುಕಾಳಾದ ಕಲೆಗಳು ಮಿನುಗುತ್ತವೆ. ದಾರಕ್ಕೆ ಸಲ್ಲಬೇಕಾದ ಬಿಟ್‌ಗಳು ಆಗ ಈ ಕಲೆಗಳಿಗೆ ವ್ಯಯವಾಗುತ್ತವೆ. ಏರಿಸಿದೊಡನೆ ಚಿತ್ರವು ಮಸುಕಾಗಿ ಕಂಡರೆ ಗಾಬರಿ ಬೇಡ. ಯೂಟ್ಯೂಬ್ ಮೊದಲು ಕೆಳದರ್ಜೆಯ ಪ್ರತಿಯನ್ನು ಸಿದ್ಧಪಡಿಸಿ, ಉತ್ತಮ ಪ್ರತಿಯನ್ನು ಅನಂತರ ಸೇರಿಸುತ್ತದೆ.

ಇಷ್ಟೊಂದು ಜಾಗಕ್ಕೂ ಡೇಟಾಕ್ಕೂ ಹಣವೆಲ್ಲಿದೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಕೇಳುವುದು ನ್ಯಾಯವೇ. ಮೇಲಿನ ಲೆಕ್ಕದಂತೆ ಹತ್ತು ನಿಮಿಷದ ವೀಡಿಯೋ ಸುಮಾರು 600 ಮೆಗಾಬೈಟ್ ಆಗುತ್ತದೆ. ಎಲ್ಲವನ್ನೂ ಕೂಡಿಡಬೇಕೆಂದು ನಾನು ಹೇಳುವುದಿಲ್ಲ. ಹತ್ತರಲ್ಲಿ ಒಂಬತ್ತನ್ನು ಅಳಿಸಿದರೂ ಲೋಕಕ್ಕೆ ನಷ್ಟವಿಲ್ಲ. ಆದರೆ ಆ ಹತ್ತನೆಯದು ಯಾವುದೆಂದು ಅಳಿಸುವ ಮುನ್ನ ಯೋಚಿಸಬೇಕು. ಅಜ್ಜಿಯ ಹಾಡು, ಊರಿನ ಬಯಲಾಟ, ಅಧ್ಯಾಪಕರ ಒಂದು ಪ್ರಯೋಗ, ಇಂಥವನ್ನು ತಾಣವು ಕಾಪಾಡುವುದೆಂದು ನಂಬಿ ಕೂಡಬಾರದು. ತಾಣವು ಹಂಚುವ ಸ್ಥಳವೇ ಹೊರತು ಭಂಡಾರವಲ್ಲ. ಮೂಲಪ್ರತಿಯೊಂದನ್ನು ಬೇರೆಡೆ ಇಟ್ಟುಕೊಳ್ಳುವ ಹೊಣೆ ನಮ್ಮದೇ.

ನಮ್ಮ ಗುರುಗಳ ಆ ವೀಡಿಯೋವನ್ನು ಕೊನೆಗೂ ಏರಿಸಿದೆ. ಅವರ ಧ್ವನಿ ಸ್ಪಷ್ಟವಾಗಿಯೇ ಕೇಳುತ್ತದೆ: ದಾರದ ಉದ್ದವನ್ನು ಗಮನಿಸಿರಿ ಎನ್ನುತ್ತಾರೆ. ಗಮನಿಸಲು ದಾರವೇ ಇಲ್ಲ.