ನೋವಿಗೆ ಸಬ್ರ್‌ನ ಉಪದೇಶವೊಂದೇ ಸಾಲದು

ವರ್ಷಗಟ್ಟಲೆ ಸೊಂಟನೋವಿನಿಂದ ಬಳಲುವ ತಾಯಂದಿರು ನಮ್ಮ ಅನೇಕ ಮನೆಗಳಲ್ಲಿದ್ದಾರೆ. ಸ್ಕ್ಯಾನಿಂಗ್‌ನಲ್ಲಿ ಹೇಳಿಕೊಳ್ಳುವಂಥದ್ದೇನೂ ಕಾಣಿಸಲಿಲ್ಲವೆಂದು ವೈದ್ಯರು ತಿಳಿಸಿದೊಡನೆ ಮನೆಯವರ ಧ್ವನಿ ಬದಲಾಗುತ್ತದೆ. ಒಬ್ಬರು ‘ಎಲ್ಲ ಮನಸ್ಸಿನದು’ ಎನ್ನುತ್ತಾರೆ. ಇನ್ನೊಬ್ಬರು ಸಬ್ರ್ ಸಾಲದೆಂದು ಉಪದೇಶಿಸುತ್ತಾರೆ. ಪಾಠ ಹೇಳುವ ನಾವೂ ಒಮ್ಮೆ ಇಂತಹ ಉಪದೇಶ ನೀಡಿದ್ದೇವೆ. ಆ ತಾಯಿ ಮತ್ತೆಂದೂ ನಮ್ಮೆದುರು ನೋವಿನ ಮಾತೆತ್ತಲಿಲ್ಲ. ಅದನ್ನೇ ನಾವು ಸಬ್ರ್ ಎಂದು ಭಾವಿಸಿದ್ದೆವು!

ಮೂರು ತಿಂಗಳು ಮೀರಿದ ನೋವನ್ನು ವೈದ್ಯಶಾಸ್ತ್ರವು ದೀರ್ಘಕಾಲೀನ ನೋವೆನ್ನುತ್ತದೆ. ಗಾಯ ಮಾಸಿದ ಬಳಿಕವೂ ಮೆದುಳು ಮತ್ತು ನರಗಳು ಅಪಾಯದ ಸೂಚನೆಯನ್ನು ನಿಲ್ಲಿಸದಿರುವುದುಂಟು; ಕಳ್ಳ ಹೋದ ಮೇಲೂ ಬೊಗಳುವ ಕಾವಲುನಾಯಿಯಂತೆ. ಆ ನೋವು ನಟನೆಯಲ್ಲ. ಭಯದಿಂದ ಓಡಾಟ ಕುಗ್ಗುತ್ತದೆ, ಸ್ನಾಯು ಬಿಗಿಯುತ್ತದೆ, ನಿದ್ರೆ ಕೆಡುತ್ತದೆ, ನೋವು ಬಲಿಯುತ್ತದೆ.

ಅಮೆರಿಕದ ಕೊಲೊರಾಡೊದಲ್ಲಿ ಬೆನ್ನುನೋವಿನ 151 ಮಂದಿಯ ಮೇಲೆ ನಡೆದ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ನಾಲ್ಕು ವಾರಗಳ ಕಾಲ, ಈ ನೋವು ಅಪಾಯದ ಗುರುತಲ್ಲವೆಂಬುದನ್ನು ಕುಳಿತೂ ಬಾಗಿಯೂ ಅನುಭವದಿಂದ ಅರಿಯಲು ಕಲಿಸಲಾಯಿತು. ಅವರಲ್ಲಿ ಶೇ. 66ರಷ್ಟು ಮಂದಿ ನೋವಿನಿಂದ ಬಹುತೇಕ ಮುಕ್ತರಾದರು. ಎಂದಿನ ಚಿಕಿತ್ಸೆಯಲ್ಲಿದ್ದವರಲ್ಲಿ ಶೇ. 10 ಮಾತ್ರ. ಒಂದೇ ಅಧ್ಯಯನದಿಂದ ಎಲ್ಲವೂ ಸಿದ್ಧವಾಗದು, ನಿಜ. ಆದರೆ ದೇಹ ಮತ್ತು ಮನಸ್ಸನ್ನು ಒಟ್ಟಿಗೆ ನೋಡಬೇಕೆಂಬ ಮಾತು ನಮಗೆ ಹೊಸತಲ್ಲ. 934ರಲ್ಲಿ ನಿಧನರಾದ ಅಬೂ ಝೈದ್ ಅಲ್ ಬಲ್ಖೀ ಈ ಎರಡರ ಆರೋಗ್ಯವನ್ನೂ ಒಂದೇ ಗ್ರಂಥದಲ್ಲಿ ಚರ್ಚಿಸಿದ್ದರು.

ನಮ್ಮ ಮಸೀದಿಗಳಲ್ಲಿ ಕುರ್ಚಿಗಳು ಹೆಚ್ಚುತ್ತಿವೆ. ನಿಲ್ಲಲಾಗದವನು ಕುಳಿತು, ಅದೂ ಆಗದಿದ್ದರೆ ಮಲಗಿ ನಮಾಝ್ ಮಾಡಲು ಪ್ರವಾದಿವರ್ಯರು(ಸ) ಅನುಮತಿಸಿದ್ದಾರೆ. ಆ ರಿಯಾಯಿತಿಯನ್ನು ಯಾರೂ ಹಂಗಿಸಬಾರದು. ಆದರೆ ಅಶಕ್ತಿಗಿಂತ ಭಯದಿಂದಲೇ ಸುಜೂದ್ ಬಿಟ್ಟವರೂ ಇದ್ದಾರೆ. ವೈದ್ಯರು ಅಡ್ಡಿಯಿಲ್ಲವೆಂದರೆ, ಅಂಥವರು ಮನೆಯಲ್ಲಿ ಎರಡು ರಕಅತ್ ನಫಿಲ್‌ನಿಂದ, ನಿಧಾನವಾಗಿ ಉಸಿರಾಡುತ್ತಾ ಆರಂಭಿಸಬಹುದು. ಅದನ್ನು ತೀರ್ಮಾನಿಸಬೇಕಾದವರು ಅವರೇ, ಪಕ್ಕದ ಸಫ್‌ನವರಲ್ಲ. ಕಾಲಿನ ಬಲ ಕುಂದಿದರೆ, ಮೂತ್ರದ ಹಿಡಿತ ತಪ್ಪಿದರೆ, ಜ್ವರ ಬಂದರೆ ಅಥವಾ ಕಾರಣವಿಲ್ಲದೆ ತೂಕ ಇಳಿದರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಮೊನ್ನೆ ಆ ತಾಯಿಯ ಮನೆಗೆ ಹೋಗಿ, ನೋವು ಹೇಗಿದೆಯೆಂದು ವಿಚಾರಿಸಿದೆವು. ಅವರು ಅರ್ಧ ಗಂಟೆ ಮಾತನಾಡಿದರು. ನಾವು ನಡುವೆ ಬಾಯಿ ಹಾಕಲಿಲ್ಲ.