ಕಿಟಕಿಗೆ ಮೊದಲು ಮೇಜಿನ ಜಾಗ ನೋಡಿ

ಮನೆ ಕಟ್ಟಿಸುವವರು ಹೆಚ್ಚು ತಲೆ ಕೆಡಿಸಿಕೊಳ್ಳುವುದು ಬಾಗಿಲಿನ ಬಗ್ಗೆ. ಹೆಬ್ಬಾಗಿಲಿಗೆ ಯಾವ ಮರ, ದಾರಂದ ಎಷ್ಟು ದಪ್ಪ, ಕೆತ್ತನೆ ಬೇಕೋ ಬೇಡವೋ ಎಂದು ವಾರಗಟ್ಟಲೆ ಚರ್ಚೆ ನಡೆಯುತ್ತದೆ. ಕಿಟಕಿಯ ಸರದಿ ಬರುವ ಹೊತ್ತಿಗೆ ಕೈಯಲ್ಲಿದ್ದ ಹಣವೂ ತಾಳ್ಮೆಯೂ ಕರಗಿರುತ್ತವೆ. ‘ಎಲ್ಲ ಕೋಣೆಗೂ ನಾಲ್ಕಡಿಗೆ ನಾಲ್ಕಡಿ ಇಟ್ಟುಬಿಡಿ’ ಎಂದು ಮೇಸ್ತ್ರಿಗೆ ಹೇಳಿ ಕೈತೊಳೆದುಕೊಳ್ಳುತ್ತೇವೆ. ಆದರೆ ಬಾಗಿಲಿಗೆ ಕೆಲಸ ದಿನಕ್ಕೆ ಹತ್ತಿಪ್ಪತ್ತು ಸಲ. ಕಿಟಕಿಗೆ ಬೆಳಗಿನಿಂದ ರಾತ್ರಿಯವರೆಗೂ ಕೆಲಸ. ಓದುವ ಮಕ್ಕಳಿರುವ ಮನೆಯಲ್ಲಂತೂ ಮಗು ದಿನಕ್ಕೆ ಮೂರು ನಾಲ್ಕು ಗಂಟೆ ಕೂರುವ ಜಾಗ ಚೆನ್ನಾಗಿದೆಯೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ಕಿಟಕಿಯೇ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಈ ಮಾತಿಗೆ ಇನ್ನಷ್ಟು ತೂಕವಿದೆ. ಅಲ್ಲಿ ಶಾಲೆ ತೆರೆಯುವುದೂ ಮಳೆಗಾಲ ಹಿಡಿಯುವುದೂ ಹೆಚ್ಚು ಕಡಿಮೆ ಒಟ್ಟಿಗೇ. ಶಾಲೆಯ ವರ್ಷದ ಮೊದಲ ಮೂರು ನಾಲ್ಕು ತಿಂಗಳು ಜಡಿಮಳೆಯಲ್ಲೇ ಕಳೆಯುತ್ತವೆ. ಗಾಳಿಗೆ ಮರ ಬಿದ್ದರೆ ಕರೆಂಟೂ ಹೋಯಿತು. ಕಿಟಕಿ ತೆರೆದರೆ ಎರಚಲು ನೀರು ಪುಸ್ತಕದ ಮೇಲೆ; ಮುಚ್ಚಿದರೆ ಮಧ್ಯಾಹ್ನ ಮೂರಕ್ಕೇ ಕತ್ತಲೆ. ಗಾಳಿಯಾಡದ ಕೋಣೆಯಲ್ಲಿ ಗೋಡೆಗೂ ಬಟ್ಟೆಗೂ ಪಠ್ಯಪುಸ್ತಕದ ರಟ್ಟಿಗೂ ಬೂಷ್ಟು ಹಿಡಿಯುತ್ತದೆ. ಲಕ್ಷಗಟ್ಟಲೆ ಖರ್ಚು ಮಾಡಿ ಕಟ್ಟಿದ ಹೊಸ ಮನೆಯಲ್ಲಿ ಮಕ್ಕಳು ಅಡುಗೆಮನೆಯ ಬಲ್ಬಿನ ಕೆಳಗೆ ಕೂತು ಓದುವಂತಾದರೆ, ಅದು ಕಿಟಕಿಯನ್ನು ಕೊನೆಗೆ ಯೋಚಿಸಿದ್ದರ ಫಲ.

ಹಳೆಯ ಮನೆಯ ಲೆಕ್ಕ

‘ನಮ್ಮ ಅಜ್ಜನ ಮನೆಯಲ್ಲಿ ಕಿಟಕಿ ಎಷ್ಟು ಸಣ್ಣದಿತ್ತು! ಅವರೇನು ಓದಲಿಲ್ಲವೇ?’ ಎಂದು ಕೇಳುವವರಿದ್ದಾರೆ. ಪ್ರಶ್ನೆ ಸರಿಯಾಗಿಯೇ ಇದೆ. ಮಲೆನಾಡಿನ ಹಳೆಯ ಮನೆಗಳ ಕಿಟಕಿ ಸಣ್ಣದು. ಮರದ ಸರಳು, ಮರದ ಬಾಗಿಲು, ಗಾಜಿಲ್ಲ. ಆದರೆ ಆ ಮನೆಗಳಲ್ಲಿ ಬೆಳಕು ತರುವ ಹೊಣೆ ಕಿಟಕಿಯದಾಗಿರಲಿಲ್ಲ. ನಡುವಿನ ತೊಟ್ಟಿ ಆಕಾಶದ ಬೆಳಕನ್ನು ಒಳಗಿಳಿಸುತ್ತಿತ್ತು. ಮುಂದಿನ ಜಗುಲಿಗೆ ಉದ್ದನೆಯ ಸೂರಿನ ನೆರಳಿತ್ತು. ಅಲ್ಲಿ ಕೂತು ಓದಿದರೆ ಮಳೆ ತಾಗದು, ಬೆಳಕು ತಪ್ಪದು. ಕಿಟಕಿಗೆ ಉಳಿದಿದ್ದು ಗಾಳಿ ತರುವುದು, ಅಂಗಳದಲ್ಲಿ ಯಾರು ಬಂದರೆಂದು ನೋಡಲು ಅನುವಾಗುವುದು, ಇಷ್ಟೇ.

ಈಗ ಕಟ್ಟುವ ಮನೆಗಳಲ್ಲಿ ತೊಟ್ಟಿ ಇಲ್ಲ. ಜಗುಲಿ ನಾಲ್ಕು ಕುರ್ಚಿ ಹಿಡಿಯುವ ಸಿಟೌಟ್ ಆಗಿದೆ. ಅಂದರೆ ಹಿಂದೆ ಮೂವರು ಹೊರುತ್ತಿದ್ದ ಭಾರ ಈಗ ಕಿಟಕಿಯೊಂದರ ಹೆಗಲಿಗೇ ಬಿದ್ದಿದೆ. ಹಳೆಯ ಕಿಟಕಿಯ ಅಂದಕ್ಕೆ ಮರುಳಾಗಿ ಅದೇ ಅಳತೆಯನ್ನು ಹೊಸ ಮನೆಗೆ ತಂದರೆ ಕತ್ತಲೆ ಖಂಡಿತ.

ಈ ಲೆಕ್ಕವನ್ನು ಮಕ್ಕಳಿಗೆ ಕಣ್ಣಾರೆ ತೋರಿಸಬೇಕಾದರೆ ಒಂದು ರಜಾ ದಿನ ಕುಪ್ಪಳಿಗೆ ಕರೆದುಕೊಂಡು ಹೋಗಿ. ಕುವೆಂಪು ಹುಟ್ಟಿದ್ದು 1904ರಲ್ಲಿ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. ಬೆಳೆದದ್ದು ನೆರೆಯ ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ. ಅಲ್ಲಿನ ಮನೆ ಈಗ ವಸ್ತುಸಂಗ್ರಹಾಲಯ. ಕವಿಯ ವಸ್ತುಗಳನ್ನು ನೋಡಿದ ಮೇಲೆ ತೊಟ್ಟಿಯ ಪಕ್ಕ ಒಂದು ನಿಮಿಷ, ಒಳಕೋಣೆಯಲ್ಲಿ ಒಂದು ನಿಮಿಷ ನಿಂತು, ಎಲ್ಲಿ ಪುಸ್ತಕ ಓದಬಹುದು, ಎಲ್ಲಿ ಆಗದು ಎಂದು ಮಕ್ಕಳನ್ನೇ ಕೇಳಿ.

ದಿಮ್ಮಿ ಮನೆಯ ಚಿತ್ರ

ಈಚೆಗೆ ಹೋಮ್‌ಸ್ಟೇಗಳ ದೆಸೆಯಿಂದ ಮರದ ದಿಮ್ಮಿಗಳನ್ನು ಅಡ್ಡಡ್ಡ ಪೇರಿಸಿದ ಮನೆಗಳ ಆಸೆಯೂ ಮಲೆನಾಡಿಗೆ ಬಂದಿದೆ. ನಾರ್ವೆ, ಫಿನ್ಲೆಂಡ್, ಕೆನಡಾಗಳ ಚಿತ್ರದಲ್ಲಿ ಅಂಥ ಮನೆಗೆ ನೆಲದಿಂದ ಮಾಡಿನವರೆಗೆ ಒಂದೇ ಗಾಜು. ಅಲ್ಲಿ ಅದಕ್ಕೆ ಅರ್ಥವಿದೆ. ಚಳಿಗಾಲದ ಸೂರ್ಯ ತೀರಾ ಕೆಳಗಿರುತ್ತಾನೆ. ಸಿಕ್ಕಷ್ಟು ಬಿಸಿಲನ್ನು ಒಳಗೆ ಬಿಟ್ಟುಕೊಳ್ಳಬೇಕು, ಒಳಗಿನ ಶಾಖ ಹೊರಗೆ ಹೋಗಬಾರದು. ಅದಕ್ಕೇ ಎರಡು ಮೂರು ಪದರದ ಗಾಜು. ನಮ್ಮಲ್ಲಿ ತಡೆಯಬೇಕಾದದ್ದು ಎರಚಲು, ಓಡಿಸಬೇಕಾದದ್ದು ತೇವ. ತೆರೆಯಲಾಗದ ದೊಡ್ಡ ಗಾಜು ಬೆಳಕನ್ನೇನೋ ಕೊಡುತ್ತದೆ, ಗಾಳಿಯನ್ನು ಕೊಡುವುದಿಲ್ಲ. ಏಪ್ರಿಲ್‌ನಲ್ಲಿ ಕೋಣೆಯನ್ನು ಕಾಯಿಸುತ್ತದೆ.

ದಿಮ್ಮಿ ಮನೆಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ವಿಜ್ಞಾನದ ವಿದ್ಯಾರ್ಥಿಗಳು ಗಮನಿಸಬೇಕು. ಮರ ಒಣಗಿದಾಗ ಉದ್ದದಲ್ಲಿ ಕುಗ್ಗುವುದು ಅತ್ಯಲ್ಪ. ಅಡ್ಡಡ್ಡಲಾಗಿ ಕುಗ್ಗುವುದು ಅದರ ಹತ್ತಾರು ಪಟ್ಟು. ಅಡ್ಡ ಮಲಗಿಸಿದ ಹಸಿ ದಿಮ್ಮಿಗಳ ಎಂಟಡಿ ಗೋಡೆ ಒಣಗುತ್ತಾ ಮೂರು ನಾಲ್ಕು ಇಂಚು ಕೆಳಗಿಳಿಯುವುದುಂಟು. ಕಿಟಕಿಯ ಚೌಕಟ್ಟಿನ ನಿಲುವು ಪಟ್ಟಿಗಳು ಮಾತ್ರ ಉದ್ದುದ್ದ ನಿಂತಿರುವುದರಿಂದ ಇಳಿಯುವುದಿಲ್ಲ. ಆಗ ಗೋಡೆಯ ಭಾರವೆಲ್ಲ ಚೌಕಟ್ಟಿನ ಮೇಲೆ ಕೂತು ಕಿಟಕಿ ಬಿಗಿಯುತ್ತದೆ, ಗಾಜು ಸೀಳುತ್ತದೆ. ಅದಕ್ಕಾಗಿ ಬಲ್ಲ ಬಡಗಿಗಳು ಚೌಕಟ್ಟಿನ ಮೇಲೆ ಸಂದು ಬಿಟ್ಟು, ಮೆತ್ತನೆಯ ವಸ್ತು ತುಂಬಿ, ಹೊರಗಿನಿಂದ ಹಲಗೆ ಮುಚ್ಚುತ್ತಾರೆ.

ಮಣ್ಣು, ಇಟ್ಟಿಗೆ, ಜಂಬಿಟ್ಟಿಗೆಯ ಗೋಡೆಗೆ ಈ ತೊಂದರೆ ಇಲ್ಲ. ಆದರೆ ಅದೇ ಗುಣ ಬೇರೆ ರೂಪದಲ್ಲಿ ಎಲ್ಲರ ಮನೆಯಲ್ಲೂ ಕಾಣುತ್ತದೆ. ಬೇಸಿಗೆಯಲ್ಲಿ ಸಲೀಸಾಗಿ ಮುಚ್ಚುವ ಮರದ ಕಿಟಕಿ ಜುಲೈನಲ್ಲಿ ನೀರು ಹೀರಿ ಉಬ್ಬಿ, ಗುದ್ದಿದರೂ ಜಗ್ಗುವುದಿಲ್ಲ. ಚೆನ್ನಾಗಿ ಒಣಗಿದ ಮರವನ್ನೇ ಬಳಸುವುದು, ನಾಲ್ಕೂ ಅಂಚಿಗೆ ಬಣ್ಣ ಅಥವಾ ಎಣ್ಣೆ ಹಚ್ಚುವುದು ಇದಕ್ಕೆ ಮದ್ದು. ಬಡಗಿಗಳು ಮುಖಕ್ಕೆ ಬಣ್ಣ ಬಳಿದು ಮೇಲಿನ, ಕೆಳಗಿನ ಅಂಚನ್ನು ಬಿಟ್ಟುಬಿಡುವುದುಂಟು. ನೀರು ನುಗ್ಗುವುದು ಅಲ್ಲಿಂದಲೇ.

ಮರದ ವಿಷಯದಲ್ಲಿ ಕಾನೂನನ್ನೂ ಮರೆಯಬೇಡಿ. ಸ್ವಂತ ಜಮೀನಿನ ಬೀಟೆ ಮರವಾದರೂ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಡಿಯುವಂತಿಲ್ಲ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರಿಂದಲೂ ಇದೆ. ಕಿಟಕಿಗೆ ಹಲಸು, ತೇಗ ಧಾರಾಳವಾಗಿ ಸಾಕು. ಎಲ್ಲಾದರೂ ಹಳೆಯ ಮನೆ ಕೆಡವುತ್ತಿದ್ದರೆ ಅದರ ಕಿಟಕಿಗಳನ್ನು ವಿಚಾರಿಸಿ. ಕುಗ್ಗಬೇಕಾದಷ್ಟು ಆಗಲೇ ಕುಗ್ಗಿ ಮುಗಿದ ಮರ ಅದು. ಅಲ್ಯೂಮಿನಿಯಂ, ಯುಪಿವಿಸಿ ಚೌಕಟ್ಟುಗಳು ಮಳೆಗೆ ಉಬ್ಬುವುದಿಲ್ಲ, ಗೆದ್ದಲಿಗೆ ಹೆದರುವುದಿಲ್ಲ ಎಂಬುದೂ ನಿಜ.

ಯಾವ ಬಗೆ, ಎಷ್ಟು ದೊಡ್ಡದು?

ಒಂದು ಸಣ್ಣ ಲೆಕ್ಕ ಮಾಡೋಣ. ರಾಷ್ಟ್ರೀಯ ಕಟ್ಟಡ ಸಂಹಿತೆಯ ಹಳೆಯ ನಿಯಮದಂತೆ, ಸೆಕೆ ಮತ್ತು ತೇವ ಎರಡೂ ಇರುವ ಊರುಗಳಲ್ಲಿ ಕಿಟಕಿಗಳ ವಿಸ್ತೀರ್ಣ ನೆಲದ ಆರನೇ ಒಂದು ಭಾಗವಾದರೂ ಇರಬೇಕು. ಒಣ ಬಿಸಿಲಿನ ಊರುಗಳಿಗೆ ಹತ್ತನೇ ಒಂದು ಭಾಗ ಸಾಕು. ಹತ್ತಡಿಗೆ ಹನ್ನೆರಡಡಿಯ ಕೋಣೆ ಎಂದರೆ 120 ಚದರ ಅಡಿ. ಆರನೇ ಒಂದು ಭಾಗ 20 ಚದರ ಅಡಿ. ನಾಲ್ಕಡಿ ಅಗಲ, ಎರಡೂವರೆ ಅಡಿ ಎತ್ತರದ ಎರಡು ಕಿಟಕಿಗಳಾದರೆ ಲೆಕ್ಕ ಸರಿಹೋಯಿತು. ಎರಡನ್ನೂ ಒಂದೇ ಗೋಡೆಗೆ ಇಡಬೇಡಿ. ಒಳಬಂದ ಗಾಳಿಗೆ ಹೊರಹೋಗುವ ದಾರಿ ಬೇಕು.

ಇನ್ನು ಬಗೆ. ಜಾರುವ ಗಾಜಿನ ಕಿಟಕಿ ನೋಡಲು ಚೆಂದ, ಪರದೆ ಕಟ್ಟಲು ಸುಲಭ. ಆದರೆ ಎರಡು ಪಡಿಯ ಕಿಟಕಿ ಪೂರ್ತಿ ಸರಿಸಿದರೂ ತೆರೆಯುವುದು ಅರ್ಧವೇ. ಮೇಲಿನ 20 ಚದರ ಅಡಿಯಲ್ಲಿ ಗಾಳಿಗೆ ಸಿಗುವುದು 10 ಮಾತ್ರ. ಕೆಳಗಿನ ಹಳಿಯಲ್ಲಿ ನೀರು, ಎಲೆ, ಮಣ್ಣು ನಿಲ್ಲುತ್ತವೆ. ನೀರು ಹರಿದುಹೋಗಲು ಹೊರಬದಿಗೆ ತೂತಿದೆಯೇ ಎಂದು ಕೊಳ್ಳುವಾಗಲೇ ನೋಡಿ. ಪಕ್ಕಕ್ಕೆ ತೆರೆಯುವ ಕದದ ಕಿಟಕಿ ಪೂರ್ತಿ ಗಾಳಿ ಕೊಡುತ್ತದೆ. ಬಿರುಗಾಳಿಗೆ ಬಡಿಯದಂತೆ ಕೊಂಡಿ ಗಟ್ಟಿಯಿರಬೇಕು. ಮೇಲ್ಗಡೆ ತಿರುಗಣಿ ಇಟ್ಟು ಕೆಳಗಿನಿಂದ ಹೊರಕ್ಕೆ ನೂಕುವ ಕಿಟಕಿಯ ಕದ ತಾನೇ ಒಂದು ಸಣ್ಣ ಸೂರಿನಂತೆ ನಿಲ್ಲುತ್ತದೆ. ಸಾಧಾರಣ ಮಳೆಯಲ್ಲೂ ತೆರೆದಿಡಬಹುದಾದ್ದರಿಂದ ಮಲೆನಾಡಿಗೆ ಬಹಳ ಒಪ್ಪುತ್ತದೆ.

ಮಂಗಗಳ ಕಾಟಕ್ಕೆ ಸರಳು ಬೇಕೇ ಬೇಕು. ಆದರೆ ಮಕ್ಕಳು ಮಲಗುವ ಕೋಣೆಯಲ್ಲಿ ಒಂದು ಕಿಟಕಿಯ ಗ್ರಿಲ್ ಆದರೂ ಒಳಗಿನಿಂದ ತೆರೆಯುವಂತಿರಲಿ. ಬೆಂಕಿ, ಹೊಗೆ ತುಂಬಿದ ಹೊತ್ತಿನಲ್ಲಿ ಬಾಗಿಲ ದಾರಿ ಕಟ್ಟಿದರೆ ಅದೇ ದಾರಿ. ಕೀಲಿ ಎಲ್ಲಿರುತ್ತದೆಂದು ಮಕ್ಕಳಿಗೂ ಗೊತ್ತಿರಬೇಕು.

ಮಾಡಿನ ಮೇಲೊಂದು ಕಿಟಕಿ

ಮೂರೂ ತಾಲ್ಲೂಕು ಒತ್ತೊತ್ತಿಗಿದ್ದರೂ ಮೂರಕ್ಕೂ ಒಂದೇ ಕಿಟಕಿ ಒಪ್ಪುವುದಿಲ್ಲ. ಶೃಂಗೇರಿಯ ಮಳೆ ನರಸಿಂಹರಾಜಪುರದ ಮಳೆಯ ಎರಡರಷ್ಟಕ್ಕಿಂತ ಹೆಚ್ಚು, ಕೊಪ್ಪ ನಡುವಿನದು. ಮುಂಗಾರು ನೈಋತ್ಯದಿಂದ ಬೀಸುವುದರಿಂದ ಶೃಂಗೇರಿ, ಕೊಪ್ಪದ ಕಡೆ ಪಡುವಣ ಗೋಡೆಯ ಕಿಟಕಿ ಚಿಕ್ಕದಿರಲಿ, ಸೂರು ಮುಂದೆ ಚಾಚಿರಲಿ. ದೊಡ್ಡ ಕಿಟಕಿಗಳು ಮೂಡಣ, ಬಡಗಣಕ್ಕಿರಲಿ. ಮಳೆ ಕಡಿಮೆಯಿರುವ ನರಸಿಂಹರಾಜಪುರದಲ್ಲಿ ಗಾಳಿಗೆ ಹೆಚ್ಚು ಗಮನ ಕೊಡಬಹುದು. ಅಲ್ಲಿ ಭದ್ರಾ ಹಿನ್ನೀರಿನ ಕಡೆಯ ನೋಟ ಬೇಕೆಂದು ಕಿಟಕಿ ದೊಡ್ಡದು ಮಾಡುವವರು, ಆ ಗೋಡೆ ಪಡುವಣದ್ದಾದರೆ ಸಂಜೆಯ ಬಿಸಿಲನ್ನೂ ಲೆಕ್ಕಕ್ಕೆ ಹಿಡಿಯಬೇಕು.

ತೆಂಕಣ ಗೋಡೆಗೆ ಸೂರಿನ ಲೆಕ್ಕ ಸುಲಭ. ಈ ಊರುಗಳಿರುವುದು ಸುಮಾರು 13.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್ 21ರ ಸುಮಾರಿಗೆ ನಡುಹಗಲಿನ ಸೂರ್ಯ ದಕ್ಷಿಣದಲ್ಲಿ 53 ಡಿಗ್ರಿ ಎತ್ತರದಲ್ಲಿರುತ್ತಾನೆ. ಎರಡೂವರೆ ಅಡಿಯ ಸೂರು ಆಗ ಗೋಡೆಯ ಮೇಲೆ ಸುಮಾರು ಮೂರಡಿ ನಾಲ್ಕಿಂಚು ನೆರಳು ಚೆಲ್ಲುತ್ತದೆ. ಟ್ಯಾನ್ ಕೋಷ್ಟಕ ಕಲಿತ ಹತ್ತನೇ ತರಗತಿಯವರು ಇದನ್ನು ಮಾಡಿ ನೋಡಲಿ. ಸೂರ್ಯ ವರ್ಷವಿಡೀ ಜಾಗ ಬದಲಿಸುತ್ತಾನೆಂಬುದನ್ನು ನಮ್ಮ ಹಿರಿಯರು ಚೆನ್ನಾಗಿ ಬಲ್ಲವರು. ಶೃಂಗೇರಿಯ ವಿದ್ಯಾಶಂಕರ ದೇಗುಲದ ಹನ್ನೆರಡು ರಾಶಿ ಕಂಬಗಳ ಮೇಲೆ ತಿಂಗಳಿಗೊಂದರಂತೆ ಬಿಸಿಲು ಬೀಳುತ್ತದೆಂದು ಹೇಳುವುದು ಆ ತಿಳಿವಳಿಕೆಯ ಗುರುತು.

ಗೋಡೆಯ ಕಿಟಕಿಗಳನ್ನೆಲ್ಲ ಮುಚ್ಚಲೇಬೇಕಾದ ದಿನಗಳಿಗೆ ಒಂದು ಅಗ್ಗದ ಉಪಾಯವಿದೆ. ಅದು ಗಾಜಿನ ಹೆಂಚು. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಆ ಹೆಂಚು ಘಟ್ಟ ಹತ್ತಿ ಸೋಗೆಯ ಮಾಡುಗಳ ಜಾಗಕ್ಕೆ ಬಂತು. ಹೆಂಚಿನ ಸಾಲಿನಲ್ಲಿ ಅದೇ ಅಳತೆಯ ಎರಡು ಗಾಜಿನ ಹೆಂಚು ಸೇರಿಸಿದರೆ ಓದುವ ಜಾಗಕ್ಕೆ ನೇರ ಆಕಾಶದ ಬೆಳಕು. ಕರೆಂಟಿನ ಹಂಗಿಲ್ಲ, ಎರಚಲಿನ ಭಯವಿಲ್ಲ. ಬೇಸಿಗೆಯ ಬಿಸಿಲಿಗೆ ಕೆಳಗೊಂದು ತೆಳು ಬಟ್ಟೆ ಕಟ್ಟಿದರಾಯಿತು. ವರ್ಷಕ್ಕೊಮ್ಮೆ ಪಾಚಿ ಉಜ್ಜಬೇಕು, ಅಷ್ಟೇ.

ಮೇಜಿನಿಂದ ಶುರುಮಾಡಿ

ಹೀಗಾಗಿ ತಂದೆತಾಯಂದಿರಿಗೆ ಹೇಳುವುದಿಷ್ಟು: ನಕ್ಷೆಯ ಮೇಲೆ ಮೊದಲು ಮಕ್ಕಳ ಮೇಜನ್ನು ಗುರುತು ಮಾಡಿ, ಆಮೇಲೆ ಕಿಟಕಿ. ಬಲಗೈಯಲ್ಲಿ ಬರೆಯುವ ಮಗುವಿಗೆ ಬೆಳಕು ಎಡಗಡೆಯಿಂದ ಬರಬೇಕು; ಎಡಗೈಯವರಿಗೆ ಬಲಗಡೆಯಿಂದ. ಇಲ್ಲವಾದರೆ ಬರೆಯುವ ಅಕ್ಷರದ ಮೇಲೆ ಕೈಯ ನೆರಳು. ಕಿಟಕಿಗೆ ಬೆನ್ನು ಹಾಕಿ ಕೂತರೆ ಪುಸ್ತಕದ ಮೇಲೆ ತಲೆಯ ನೆರಳು. ಎದುರು ಕೂತರೆ ಕಣ್ಣಿಗೆ ಕುಕ್ಕುವ ಬೆಳಕು. ಕಿಟಕಿಯ ಕೆಳ ಅಂಚು ಮೇಜಿಗಿಂತ ಸ್ವಲ್ಪ ಮೇಲಿರಲಿ; ಪುಸ್ತಕ ನೆನೆಯುವುದಿಲ್ಲ, ಮಗು ತಲೆಯೆತ್ತಿದರೆ ತೋಟವೂ ಗುಡ್ಡವೂ ಕಾಣುತ್ತವೆ. ಮಂದ ಬೆಳಕಿನಲ್ಲಿ ಓದಿದರೆ ಕಣ್ಣೇ ಹೋಗುತ್ತದೆಂದು ಹೆದರಿಸಬೇಕಿಲ್ಲ. ಆದರೆ ಕಣ್ಣು ಬೇಗ ದಣಿಯುತ್ತದೆ, ದಣಿದ ಕಣ್ಣಿಗೆ ಓದು ಬೇಸರವಾಗುತ್ತದೆ. ನಡುನಡುವೆ ದೂರಕ್ಕೆ ನೋಡಿದರೆ ಕಣ್ಣಿಗೆ ಬಿಡುವು.

ವಿದ್ಯಾರ್ಥಿಗಳೇ, ನಿಮ್ಮ ಪಾಲಿನ ಕೆಲಸವೂ ಇದೆ. ಹೊಸ ಮನೆ ಕಟ್ಟುವವರೆಗೆ ಕಾಯಬೇಕಿಲ್ಲ. ಈ ಮಳೆಗಾಲದಲ್ಲಿ ನಿಮ್ಮ ಮನೆಯ ಪ್ರತಿ ಕಿಟಕಿಯಿಂದ ಎರಚಲು ಎಷ್ಟು ದೂರ ಒಳಗೆ ಬೀಳುತ್ತದೆಂದು ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಸಂಜೆ ನಾಲ್ಕು ಗಂಟೆಗೆ ದೀಪ ಹಾಕದೆ ಎಲ್ಲೆಲ್ಲಿ ಪುಸ್ತಕ ಓದಬಹುದೆಂದು ಕೋಣೆ ಕೋಣೆಯಲ್ಲಿ ಕೂತು ನೋಡಿ. ನೆಲದ ಅಳತೆಗೆ ಕಿಟಕಿಯ ಅಳತೆ ಎಷ್ಟನೇ ಒಂದು ಭಾಗವೆಂದು ಲೆಕ್ಕ ಹಾಕಿ. ಮೂರನ್ನೂ ಒಂದು ಹಾಳೆಯಲ್ಲಿ ಬರೆದು ಅಪ್ಪ ಅಮ್ಮನಿಗೆ ತೋರಿಸಿ. ಬಹಳ ಮನೆಗಳಲ್ಲಿ ಗೋಡೆ ಒಡೆಯಬೇಕಾಗಿಲ್ಲ. ಮೇಜನ್ನು ಎರಡಡಿ ಸರಿಸುವುದರಿಂದ, ಎರಡು ಗಾಜಿನ ಹೆಂಚಿನಿಂದ, ಮುಚ್ಚಿಯೇ ಇರುವ ಒಂದು ಕಿಟಕಿಗೆ ಹೊಸ ಕೊಂಡಿ ಹಾಕಿಸುವುದರಿಂದ ಕೆಲಸ ಆಗುತ್ತದೆ. ಮುಂದೆ ಮನೆ ಕಟ್ಟಿಸುವ ದಿನ ಬಂದಾಗ ಆ ಹಾಳೆಯನ್ನೇ ಮೇಸ್ತ್ರಿಯ ಕೈಗೆ ಕೊಡಿ.